ರಜಾಕಾರರ ಕಾಲದ ಕಾದಂಬರಿ: ಗುಟ್ಟನ್ನು ಎಲ್ಲಿ ಬಿಚ್ಚಬೇಕು?

ಕೊಪ್ಪಳದ ಮನೆತನವೊಂದು 1948ರಿಂದ ಮುಚ್ಚಿಟ್ಟ ಗುಟ್ಟಿನ ಮೇಲೆ ಕಾದಂಬರಿ ಬರೆಯುತ್ತಿದ್ದೀರಿ; ಈಗಿನ ಕಾದಂಬರಿಕಾರರು ಇಂಥದ್ದನ್ನು ಹೇಗೆ ನಿಭಾಯಿಸುತ್ತಾರೆ ಎಂದು ಕೇಳಿದ್ದೀರಿ. ಬಹಳಷ್ಟು ಜನ ತುಳಿದ ದಾರಿ ಒಂದಿದೆ: ಮೊಮ್ಮಗಳು ಅಜ್ಜನ ಟ್ರಂಕು ತೆಗೆಯುತ್ತಾಳೆ, ಹಳೇ ಕಾಗದ ಸಿಗುತ್ತದೆ, ಅಲ್ಲಿಂದ ಒಂದು ಅಧ್ಯಾಯ ಅಂದು, ಒಂದು ಇಂದು. ನನಗಂತೂ ಸಾಕಾಗಿದೆ. ಇಂದಿನ ಭಾಗದಲ್ಲಿ ಹುಡುಕಾಟ ಬಿಟ್ಟರೆ ಏನೂ ನಡೆಯುವುದಿಲ್ಲ, ಓದುಗರು ಆ ಪುಟಗಳನ್ನು ಹಾರಿಸುತ್ತಾರೆ.

ಮೊದಲು ಗುಟ್ಟು ಯಾವುದೆಂದು ನೋಡಿಕೊಳ್ಳಿ. ಕೊಪ್ಪಳ ಆಗ ನಿಜಾಮನ ಹೈದರಾಬಾದ್ ಸಂಸ್ಥಾನದಲ್ಲಿತ್ತು. ನಿಜಾಮನ ಪರ ಆಯುಧ ಹಿಡಿದ ರಜಾಕಾರರ ಹಾವಳಿ, ಅವರ ವಿರುದ್ಧ ಗಡಿಯಾಚೆಯ ಮುಂಡರಗಿ ಶಿಬಿರದಿಂದ ನಡೆದ ಹೋರಾಟ ನಮ್ಮ ಕಡೆ ಕಟ್ಟೆ ಮೇಲೆ ಕೂತು ಹೇಳುವ ಕಥೆಗಳು. ಬಾಯಿ ಕಟ್ಟುವುದು ಆಮೇಲಿನ ಮಾತಿಗೆ. 1948ರ ಸೆಪ್ಟೆಂಬರ್ 13ಕ್ಕೆ ಭಾರತದ ಸೇನೆ ಒಳಬಂತು, 17ಕ್ಕೆ ನಿಜಾಮ ಸೋಲೊಪ್ಪಿದ. ಅದರ ಹಿಂದೆಯೇ ಸಂಸ್ಥಾನದ ಹಲವೆಡೆ ಮುಸ್ಲಿಮರ ಕೊಲೆ, ಲೂಟಿ ನಡೆದವು. ಇದನ್ನು ನೋಡಿ ಬರಲು ಭಾರತ ಸರ್ಕಾರ ಕಳಿಸಿದ ಸುಂದರಲಾಲ್ ಸಮಿತಿ 27ರಿಂದ 40 ಸಾವಿರ ಜನ ಸತ್ತಿರಬಹುದೆಂದು ಅಂದಾಜಿಸಿತು. ಅತಿ ಕೆಟ್ಟದ್ದು ನಡೆದದ್ದು ಉಸ್ಮಾನಾಬಾದ್, ಕಲಬುರಗಿ, ಬೀದರ್, ನಾಂದೇಡ್ ಜಿಲ್ಲೆಗಳಲ್ಲಿ. ಬೀದರಿನ ಘಟನೆಯನ್ನು ಎತ್ತಿ ಕೊಪ್ಪಳಕ್ಕೆ ತರಬೇಡಿ. ವರದಿ ದಶಕಗಟ್ಟಲೆ ಪ್ರಕಟವಾಗಲಿಲ್ಲ. ಹೀಗಿರುವಾಗ 1960ರಲ್ಲಿ ಅಜ್ಜ ಆ ಅಂಕಿ ಹೇಳುವಂತಿಲ್ಲ, ಅವನಿಗೆ ಗೊತ್ತಿರುವುದು ತನ್ನ ಓಣಿ. ಒಬ್ಬೊಬ್ಬ ಪಾತ್ರಕ್ಕೂ ಒಂದೊಂದು ಚೀಟಿ ಮಾಡಿ: ಕಣ್ಣಾರೆ ಕಂಡದ್ದೇನು, ಬರೀ ಕೇಳಿದ್ದೇನು, ಯಾರ ಮುಂದೆ ಹೇಳಲಾರ. ಈ ಮೂರು ಬೆರೆತಲ್ಲೇ ಇಂಥ ಕಾದಂಬರಿಗಳು ಸೋಲುತ್ತವೆ.

ಗುಟ್ಟನ್ನು ಕೊನೆಯ ಪುಟದವರೆಗೆ ಬಚ್ಚಿಡುವ ಬದಲು ಮೂರನೇ ಒಂದು ಭಾಗದೊಳಗೇ ಓದುಗರಿಗೆ ತಿಳಿಯಲಿ. ಪಕ್ಕದ ಹೊಲ ಮೊದಲು ಯಾರದಿತ್ತು, ಈಗ ಯಾರ ಹೆಸರಲ್ಲಿದೆ? ಮನೆಯವರೆಲ್ಲ ಬಲ್ಲರು, ಊಟಕ್ಕೆ ಕೂತಾಗ ಯಾರೂ ಎತ್ತುವುದಿಲ್ಲ. ಅದನ್ನು ಬರೆಯುವುದು ಕಷ್ಟ, ಓದಿಸಿಕೊಂಡು ಹೋಗುವುದೂ ಅದೇ.

ಇನ್ನು ಕಾಗದಪತ್ರ. ನಿಜಾಮನ ಕಾಲದ ಸರ್ಕಾರಿ ದಾಖಲೆ ಉರ್ದುವಿನಲ್ಲಿ, ವರ್ಷ ಫಸಲಿ ಎಂಬ ಕಂದಾಯದ ಲೆಕ್ಕದಲ್ಲಿ: 1947ರ ಅಕ್ಟೋಬರಿನಿಂದ ಸುಮಾರು ಒಂದು ವರ್ಷ 1357 ಫಸಲಿ. ಹಣ ಹಾಲಿ ಸಿಕ್ಕಾ, ಅಂದರೆ ನಿಜಾಮನದೇ ರೂಪಾಯಿ. ಏಳಕ್ಕೆ ಬ್ರಿಟಿಷ್ ಆರು ರೂಪಾಯಿ, ಹೆಚ್ಚುಕಡಿಮೆ. ಹೊಳೆ ದಾಟಿದರೆ ಹೊಸಪೇಟೆ, ಬಳ್ಳಾರಿ ಮದ್ರಾಸ್ ಪ್ರಾಂತ್ಯ. ಮುಂಡರಗಿ ಮುಂಬಯಿ ಪ್ರಾಂತ್ಯ. ತಲೆಮರೆಸಿಕೊಂಡವರು ಎತ್ತ ಓಡಿದರೆಂಬುದಕ್ಕೆ ಈ ಗಡಿಯೇ ಕಾರಣ. 1947ರ ಆಗಸ್ಟ್ 15ಕ್ಕೆ ಕೊಪ್ಪಳದ ಕಚೇರಿ ಮೇಲೆ ತ್ರಿವರ್ಣ ಹಾರಿಸಬೇಡಿ, ಸಂಸ್ಥಾನ ಆಗಿನ್ನೂ ಭಾರತಕ್ಕೆ ಸೇರಿರಲಿಲ್ಲ. ಪಾತ್ರದ ಬಾಯಲ್ಲಿ ‘ಕಲ್ಯಾಣ ಕರ್ನಾಟಕ’ವೂ ಬೇಡ, ಸರ್ಕಾರ ಆ ಹೆಸರಿಟ್ಟದ್ದು 2019ರಲ್ಲಿ.