ಮಾವಿನ ತೋಟದ ಶೆಡ್‌ನಲ್ಲಿ ನಿಂತಿರೋ ಯೆಜ್ಡಿ ತಗೊಳ್ಳಬಹುದಾ?

ನಿಮ್ಮ ಪ್ರಶ್ನೆ ಇಷ್ಟು: ಶ್ರೀನಿವಾಸಪುರದ ಹತ್ತಿರ ಮಾವಿನ ತೋಟದ ಶೆಡ್‌ನಲ್ಲಿ ಒಂದು ಹಳೆ ಯೆಜ್ಡಿ ರೋಡ್‌ಕಿಂಗ್ ಬೈಕ್ ವರ್ಷಗಟ್ಟಲೆ ನಿಂತಿದೆ. ಕಿಕ್ಕರ್ ಅಲ್ಲಾಡಲ್ಲ. ಯಜಮಾನರು ತೀರಿಹೋಗಿದ್ದಾರೆ, ಮಗ 15 ಸಾವಿರಕ್ಕೆ ಕೊಡ್ತಾರಂತೆ. ತಗೊಂಡು ಸರಿ ಮಾಡಿಸಬಹುದಾ, ದುಡ್ಡು ದಂಡವಾ?

ತಗೊಳ್ಳಿ. ಆದರೆ ಇಂಜಿನ್ ನೋಡುವ ಮೊದಲು ಆರ್‌ಸಿ ನೋಡಿ. ಜಾಮ್ ಆದ ಇಂಜಿನ್ ಸರಿಹೋಗುತ್ತದೆ. ಕಾಗದ ಇಲ್ಲದ ಗಾಡಿ ಗುಜರಿಗೇ ಸರಿ.

ಹೋಗುವಾಗ ಒಂದು ತೆಳು ಹಾಳೆ, ಪೆನ್ಸಿಲ್ ಇಟ್ಕೊಳ್ಳಿ. ಫ್ರೇಮ್ ಮೇಲಿನ ಚಾಸಿ ನಂಬರ್ ಇರೋ ಜಾಗವನ್ನು ಸೀಮೆಎಣ್ಣೆ ಬಟ್ಟೆಯಿಂದ ಚೆನ್ನಾಗಿ ಒರೆಸಿ. ಹಾಳೆ ಒತ್ತಿ ಹಿಡಿದು ಪೆನ್ಸಿಲ್ ಅಡ್ಡಲಾಗಿ ಉಜ್ಜಿ, ಅಂಕಿಗಳು ಒಂದೊಂದೇ ಎದ್ದು ಬರುತ್ತವೆ. ಯಾರಾದರೂ ಹಳೇದನ್ನು ಉಜ್ಜಿ ಹೊಸದಾಗಿ ಹೊಡೆದಿದ್ದರೆ ಸಾಲು ಸೊಟ್ಟಗಿರುತ್ತದೆ, ಸುತ್ತಲಿನ ಲೋಹ ತಗ್ಗಾಗಿರುತ್ತದೆ. ಇಂಜಿನ್ ನಂಬರೂ ಹೀಗೇ ನೋಡಿ. ಎರಡೂ ಆರ್‌ಸಿಗೆ ಹೊಂದದಿದ್ದರೆ ಟೀ ಕುಡಿದು ವಾಪಸ್ ಬನ್ನಿ.

ಹೊಂದಿದರೆ, ಮೊದಲು ಮಗನ ಹೆಸರಿಗೆ ಫಾರಂ 31ರಲ್ಲಿ ವರ್ಗ ಆಗಬೇಕು. ಆಮೇಲೆ ನಿಮ್ಮ ಹೆಸರಿಗೆ ಫಾರಂ 29, 30. ನೋಂದಣಿಯ ಮೊದಲ 15 ವರ್ಷದ ಅವಧಿ ಎಂದೋ ಮುಗಿದಿರುತ್ತದೆ. ಅದಕ್ಕೆ ಫಾರಂ 25. ಗಾಡಿ ಓಡುವ ಹಾಗಾದ ಮೇಲೆ ಆರ್‌ಟಿಓದಲ್ಲಿ ತೋರಿಸಬೇಕು, ಪಾಸಾದರೆ 5 ವರ್ಷಕ್ಕೆ ನವೀಕರಣ. ಹಳೆ ಪುಸ್ತಕದ ಆರ್‌ಸಿ ಆಗಿದ್ದರೆ ಕಂಪ್ಯೂಟರಿಗೆ ಏರಿದೆಯಾ ಅಂತ ದುಡ್ಡು ಕೊಡುವ ಮೊದಲೇ ಕೋಲಾರದ ಆಫೀಸಿನಲ್ಲಿ ಕೇಳಿ.

ಈಗ ಇಂಜಿನ್. ಕಿಕ್ಕರ್ ಮೇಲೆ ನಿಂತು ಕುಣಿಯಲೇಬೇಡಿ. ಪ್ಲಗ್ ಬಿಚ್ಚಿ, ಆ ತೂತಿನಲ್ಲಿ ಡೀಸೆಲ್ ಜೊತೆ ಸ್ವಲ್ಪ ಇಂಜಿನ್ ಆಯಿಲ್ ಬೆರೆಸಿ ಸುರಿಯಿರಿ. ಕೆಲವು ದಿನ ಸುಮ್ನೆ ಬಿಡಿ. ಪಿಸ್ಟನ್ ರಿಂಗ್ ತುಕ್ಕಿಗೆ ಅಂಟಿದ್ದರೆ ಎಷ್ಟೋ ಸಲ ಅಷ್ಟಕ್ಕೇ ಬಿಡುತ್ತದೆ. ನನ್ನ ಯೆಜ್ಡಿ ಕೆಜಿಎಫ್‌ನಲ್ಲಿ ಗಣಿ ಕೆಲಸದಲ್ಲಿದ್ದವರೊಬ್ಬರ ಮನೆ ಹಿಂದೆ ನಿಂತಿತ್ತು, 2001ರಲ್ಲಿ ಗಣಿ ಮುಚ್ಚಿದ ಮೇಲೆ ಅದನ್ನು ಯಾರೂ ಮುಟ್ಟಿರಲಿಲ್ಲ. ಅದರ ಪಿಸ್ಟನ್ ಹೀಗೇ ಬಿಟ್ಟುಕೊಂಡಿತು. ಕಾರ್ಬುರೇಟರ್ ಬಾಯಲ್ಲಿ ಕಣಜ ಮಣ್ಣಿನ ಗೂಡು ಕಟ್ಟಿತ್ತು. ಅದನ್ನು ತೆಗೆಯದೆ ಕಿಕ್ ಹೊಡೆದಿದ್ದರೆ ಆ ಮಣ್ಣೆಲ್ಲ ಸಿಲಿಂಡರ್ ಒಳಗೆ ಹೋಗಿ ಗೋಡೆ ಗೀರಿಬಿಡುತ್ತಿತ್ತು. ನೀವೂ ಕಾರ್ಬುರೇಟರ್, ಎರಡೂ ಸೈಲೆನ್ಸರ್ ಒಳಗೆ ಟಾರ್ಚ್ ಬಿಟ್ಟು ನೋಡಿ.

ತಿರುಗಿತು ಅಂತ ಸ್ಟಾರ್ಟ್ ಮಾಡಿ ಓಡಿಸೋಕೆ ಹೊರಡಬೇಡಿ. ನಾನು ಜಾಸ್ತಿ ಒತ್ತಿ ಹೇಳೋದು ಇದನ್ನೇ. ಯೆಜ್ಡಿಯಂಥ ಟೂ ಸ್ಟ್ರೋಕ್ ಇಂಜಿನ್ನಿನ ಜೀವ ಕ್ರ್ಯಾಂಕಿನ (ಪಿಸ್ಟನ್ ತಿರುಗಿಸುವ ದಂಡದ) ಎರಡು ಆಯಿಲ್ ಸೀಲ್‌ಗಳಲ್ಲಿದೆ. ವರ್ಷಗಟ್ಟಲೆ ನಿಂತ ಗಾಡಿಯಲ್ಲಿ ಆ ರಬ್ಬರ್ ಒಣಗಿ ಹಪ್ಪಳ ಆಗಿರುತ್ತದೆ. ಕ್ಲಚ್ ಕಡೆಯ ಸೀಲ್ ಹೋದರೆ ಗೇರ್ ಆಯಿಲ್ ಒಳಗೆಳೆದುಕೊಂಡು ಬೀದಿ ತುಂಬಾ ಬಿಳಿ ಹೊಗೆ. ಇನ್ನೊಂದು ಕಡೆಯದು ಹೋದರೆ ಹೊಗೆನೂ ಬರಲ್ಲ, ಗಾಳಿ ಎಳೆಯುತ್ತದೆ. ಮಿಶ್ರಣದಲ್ಲಿ ಪೆಟ್ರೋಲ್, ಆಯಿಲ್ ಎರಡೂ ಕಮ್ಮಿಯಾಗಿ ಬಿಸಿ ಏರುತ್ತದೆ, ಹೊಸ ಪಿಸ್ಟನ್ ಕೂಡ ಕಚ್ಚಿಕೊಳ್ಳುತ್ತದೆ. ಆದ್ದರಿಂದ ಇಂಜಿನ್ ಪೂರ್ತಿ ಬಿಚ್ಚಿಸಿ. ಸೀಲ್, ಬೇರಿಂಗ್, ಬೇಕಿದ್ದರೆ ಕನೆಕ್ಟಿಂಗ್ ರಾಡ್ ಕಿಟ್ ಹಾಕಿಸಿ. ಸಿಲಿಂಡರ್ ಸವೆದಿದ್ದರೆ ಲೇತ್‌ನಲ್ಲಿ ಬೋರ್ ಮಾಡಿಸಿ ಓವರ್‌ಸೈಜ್ ಪಿಸ್ಟನ್ ಹಾಕಿಸಿ. ಪಿಸ್ಟನ್ ಮೊದಲು ತಂದು ಕೊಡಿ, ಅದನ್ನು ಅಳೆದೇ ಬೋರ್ ಮಾಡಲಿ.

ಪಾರ್ಟ್ಸ್ ಸಿಗುತ್ತವಾ ಅಂದ್ರೆ, ಸಿಗುತ್ತವೆ. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಹುಡುಕಿ. ಆದರೆ ಈಗ ಸಿಗುವ ಹೊಸದರಲ್ಲಿ ಸಾಧಾರಣ ಮಾಲೂ ಇದೆ. ಚೆನ್ನಾಗಿರುವ ಹಳೆ ಪಾರ್ಟ್ ಇದ್ದರೆ ಬದಲಾಯಿಸಬೇಡಿ. 2022ರಲ್ಲಿ ಬಂದ ಹೊಸ ಯೆಜ್ಡಿಗೂ ಇದಕ್ಕೂ ಹೆಸರು ಮಾತ್ರ ಒಂದೇ, ಅದರ ಇಂಜಿನ್ ಸಾಮಾನು ಇದಕ್ಕೆ ಕೂರಲ್ಲ.

ಟ್ಯಾಂಕ್ ತುಕ್ಕಿಗೆ ನಿಂಬೆ ಉಪ್ಪು (ಸಿಟ್ರಿಕ್ ಆಸಿಡ್) ಸಾಕು. ಬಿಸಿನೀರಲ್ಲಿ ಕರಗಿಸಿ ತುಂಬಿ ಒಂದು ದಿನ ಬಿಡಿ. ಚೆಲ್ಲಿ, ಅಡುಗೆ ಸೋಡಾ ನೀರಲ್ಲಿ ತೊಳೆದು, ಬಿಸಿಲಲ್ಲಿ ಒಣಗಿಸಿ, ತಕ್ಷಣ ಒಳಗೆಲ್ಲ ಆಯಿಲ್ ಸವರಿ. ಪೆಟ್ರೋಲ್ ಪೈಪ್ ಹೊಸದು ಹಾಕಿ. ಈಗಿನ ಎಥೆನಾಲ್ ಬೆರೆಸಿದ ಪೆಟ್ರೋಲ್ ಹಳೆ ರಬ್ಬರನ್ನು ತಿನ್ನುತ್ತದೆ, ನೀರನ್ನೂ ಎಳೆದುಕೊಳ್ಳುತ್ತದೆ. ಗಾಡಿ ತುಂಬಾ ದಿನ ನಿಲ್ಲಿಸುವುದಾದರೆ ಟ್ಯಾಂಕ್ ಖಾಲಿ ಮಾಡಿ. ಶೆಡ್‌ನಲ್ಲಿ ಪಕ್ಕದಲ್ಲೇ ಗೊಬ್ಬರದ ಮೂಟೆ ಇಟ್ಟಿದ್ದರೆ ರಿಮ್, ಕಡ್ಡಿಗಳನ್ನು ಜಾಸ್ತಿ ಗಮನಿಸಿ, ಅಲ್ಲಿ ತುಕ್ಕು ಆಳಕ್ಕೆ ಇಳಿದಿರುತ್ತದೆ. ವೈರಿಂಗ್ ಇಲಿ ಬಿಟ್ಟಿರಲ್ಲ ಅಂತಲೇ ಲೆಕ್ಕ ಹಾಕಿ, ಪೂರ್ತಿ ಹೊಸದು.

ಒಂದು ಕೇಳಿಕೊಳ್ಳುತ್ತೇನೆ. ಟ್ಯಾಂಕಿನ ಬಣ್ಣ ಸುಮಾರಾಗಿ ಉಳಿದಿದ್ದರೂ ಹೊಸ ಬಣ್ಣ ಹೊಡೆಸಬೇಡಿ. ತೊಳೆದು ಪಾಲಿಶ್ ಮಾಡಿ ನೋಡಿ. ಅದು ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ ಹಚ್ಚಿದ ಬಣ್ಣ, ಆ ಕಾರ್ಖಾನೆ 1996ರಲ್ಲೇ ಮುಚ್ಚಿತು. ನಮ್ಮ ರಾಜ್ಯದ ಕೈಗಳು ಮಾಡಿದ ಗಾಡಿ ಅದು. ತೋಟದ ಯಜಮಾನರು ಅದರ ಮೇಲೆ ಓಡಾಡಿದ ಗುರುತೂ ಅದರಲ್ಲಿರುತ್ತದೆ. ಬಣ್ಣಕ್ಕೆ ಸುರಿಯುವ ದುಡ್ಡನ್ನು ಬ್ರೇಕ್ ಲೈನರ್‌ಗೆ, ಟೈರಿಗೆ ಹಾಕಿ. ಒಟ್ಟು ಖರ್ಚು ಕೊಂಡ ಬೆಲೆಯ ಎರಡು ಮೂರು ಪಟ್ಟು ದಾಟುತ್ತದೆ ಅಂತ ಮನೆಯವರಿಗೂ ಮೊದಲೇ ಹೇಳಿಡಿ.

ಜುಲೈ ಎರಡನೇ ಭಾನುವಾರ ಜಾವಾ ಯೆಜ್ಡಿ ದಿನ. ಬೆಂಗಳೂರಿನಲ್ಲಿ ಎಲ್ಲಾ ಸೇರ್ತಾರೆ. ಗಾಡಿ ರೆಡಿಯಾಗಿಲ್ಲ ಅಂದ್ರೂ ಬಸ್ಸಿನಲ್ಲಾದರೂ ಹೋಗಿ. ಕ್ರ್ಯಾಂಕ್ ಯಾರು ನೀಟಾಗಿ ಕಟ್ಟುತ್ತಾರೆ, ಒಳ್ಳೆ ಸೀಲ್ ಯಾರ ಹತ್ತಿರ ಇದೆ ಅನ್ನೋದು ಅಲ್ಲಿ ಒಂದೇ ಬೆಳಗ್ಗೆಯಲ್ಲಿ ಗೊತ್ತಾಗುತ್ತದೆ.