ಹಿಂಜವಡಿಗೆ ಬರುವ ಮೊದಲು: ಶಾಲೆ, ಕೆಲಸದ ಹೊತ್ತು, ವಾಷಿಂಗ್ ಮಷಿನ್

ಧಾರವಾಡ ಬಿಟ್ಟು ಪುಣೆಯ ಹಿಂಜವಡಿಗೆ ಕೆಲಸಕ್ಕೆ ಬರುತ್ತಿದ್ದೀರಿ, ಮಗಳು ಈ ವರ್ಷ ಐದನೇ ತರಗತಿ. ಶಾಲೆ ಹೇಗೆ, ಕೆಲಸ ಎಷ್ಟು ಹೊತ್ತು, ಇರುವ ವೈಫೈ ವಾಷಿಂಗ್ ಮಷಿನ್ ಹೇರಿಕೊಂಡು ಬರಬೇಕೋ ಬೇಡವೋ ಅಂತ ಕೇಳಿದ್ದೀರಿ. ಮೊದಲು ಶಾಲೆ ಗಟ್ಟಿ ಮಾಡಿಕೊಳ್ಳಿ, ಮನೆ ಆಮೇಲೆ. ಬಾಡಿಗೆ ಕರಾರು ಸಾಮಾನ್ಯವಾಗಿ 11 ತಿಂಗಳದ್ದು, ಮನೆ ಬದಲಿಸಬಹುದು. ಶಾಲೆಗೆ ಕಟ್ಟಿದ ಫೀ ವಾಪಸ್ ಬರುವುದು ಕಷ್ಟ.

ಸಿಬಿಎಸ್‌ಇ ಶಾಲೆ ಏಪ್ರಿಲ್‌ಗೇ ಶುರುವಾಗಿರುತ್ತದೆ, ಜೂನ್‌ಗೆ ಬಂದರೆ ಅಷ್ಟರವರೆಗಿನ ಪಾಠ ಹೋಯಿತು. ಟಿಸಿ ಮೇಲೆ ಬಿಇಒ ಮೇಲುಸಹಿಯನ್ನು ಧಾರವಾಡದಲ್ಲೇ ಹಾಕಿಸಿಕೊಳ್ಳಿ. ಅದರಲ್ಲಿನ ಹೆಸರು, ಅಡ್ಡಹೆಸರು ಆಧಾರ್‌ಗೆ ಅಕ್ಷರಕ್ಕಕ್ಷರ ಹೊಂದಬೇಕು. ಪೆನ್ ಸಂಖ್ಯೆ (ಪ್ರತಿ ವಿದ್ಯಾರ್ಥಿಗೂ ಇರುವ ಶಾಶ್ವತ ಶಿಕ್ಷಣ ಸಂಖ್ಯೆ) ಬರೆದುಕೊಳ್ಳಿ. ಹಳೆಯ ಶಾಲೆಯವರು ಯುಡೈಸ್ ಪ್ಲಸ್‌ನಲ್ಲಿ (ಶಾಲೆ, ಮಕ್ಕಳ ವಿವರ ಇಡುವ ಕೇಂದ್ರ ಸರ್ಕಾರದ ಆನ್‌ಲೈನ್ ದಾಖಲೆ) ಅವಳ ಹೆಸರನ್ನು ಡ್ರಾಪ್‌ಬಾಕ್ಸ್‌ಗೆ, ಅಂದರೆ ಶಾಲೆ ಬಿಟ್ಟವರ ಪಟ್ಟಿಗೆ, ಹಾಕದೆ ಹೊಸ ಶಾಲೆಯವರಿಗೆ ಅದರಲ್ಲಿ ಸೇರಿಸಿಕೊಳ್ಳಲು ಬರುವುದಿಲ್ಲ. ಇದನ್ನು ನಿಂತು ಮಾಡಿಸಿಕೊಂಡೇ ಬನ್ನಿ.

ಮಹಾರಾಷ್ಟ್ರದ 2020ರ ಕಾಯ್ದೆಯಂತೆ ಶಾಲೆಯಲ್ಲಿ ಮರಾಠಿ ಕಡ್ಡಾಯ, ಸಿಬಿಎಸ್‌ಇ ಆದರೂ ಅಷ್ಟೇ. ಲಿಪಿ ಒಂದೇ ಆದ್ದರಿಂದ ಹಿಂದಿ ಬಂದರೆ ಓದಲು ಬರುತ್ತದೆ. ತೊಡಕಿರುವುದು ಲಿಂಗದಲ್ಲಿ: ಕುರ್ಚಿ ಸ್ತ್ರೀಲಿಂಗ, ಮನೆ ನಪುಂಸಕ, ಹೀಗೆ ಒಂದೊಂದಕ್ಕೆ ಒಂದೊಂದು. ಬಾಲಭಾರತಿಯ (ಮಹಾರಾಷ್ಟ್ರದ ಪಠ್ಯಪುಸ್ತಕ ಸಂಸ್ಥೆ) 1, 2ನೇ ತರಗತಿ ಮರಾಠಿ ಪುಸ್ತಕ ಆನ್‌ಲೈನಿನಲ್ಲಿ ಪುಕ್ಕಟೆ ಸಿಗುತ್ತವೆ, ರಜೆಯಲ್ಲೇ ಶುರು ಮಾಡಿಸಿ.

ಆಫರ್ ಲೆಟರಿನ ಒಂಬತ್ತು ತಾಸು ನೋಡಬೇಡಿ, ಕ್ಲೈಂಟ್ ಎಲ್ಲಿಯವರು ಕೇಳಿ. ನ್ಯೂಯಾರ್ಕಿನ ಬೆಳಿಗ್ಗೆ 9 ಅಂದರೆ ನಮಗೆ ಸಂಜೆ 6:30. ನವೆಂಬರ್‌ನಿಂದ ಮಾರ್ಚ್‌ವರೆಗೆ 7:30. ಹಗಲು ಆಫೀಸಿನ ಹಾಜರಿ, ರಾತ್ರಿ ಕ್ಲೈಂಟ್ ಜೊತೆ ಫೋನ್ ಕಾಲ್ ಎರಡೂ ಬೇಕೆಂದರೆ, ರಾತ್ರಿಯದು ಮನೆಯಿಂದ ಅಂತ ಮೇಲ್‌ನಲ್ಲಿ ಬರೆಸಿಕೊಳ್ಳಿ. ಓವರ್‌ಟೈಮಿಗೆ ದುಪ್ಪಟ್ಟು ಕೂಲಿ ಅಂತ ಮಹಾರಾಷ್ಟ್ರದ ಕಾಯ್ದೆಯಲ್ಲಿದೆ, ಆದರೆ ಮೇಲ್ವಿಚಾರಕ ಹುದ್ದೆಗೆ ಅದು ಅನ್ವಯಿಸದು. ಎಲ್ಲರಿಗೂ 'ಲೀಡ್' ಅಂತ ಹುದ್ದೆ ಯಾಕೆ ಕೊಡುತ್ತಾರೋ ನೀವೇ ಊಹಿಸಿ.

ಮಷಿನ್ ತರಬಹುದು. ಫ್ರಂಟ್ ಲೋಡ್ ಆದರೆ ಲಾರಿಗೆ ಏರಿಸುವ ಮೊದಲು ಹಿಂಬದಿಗೆ ಟ್ರಾನ್ಸಿಟ್ ಬೋಲ್ಟ್ ಹಾಕಿಸಿ, ಇಲ್ಲದಿದ್ದರೆ ಡ್ರಮ್ ಓಲಾಡಿ ಶಾಕ್ ಅಬ್ಸಾರ್ಬರ್ ಹಾಳಾಗುತ್ತದೆ. ಇಲ್ಲಿ ಚಾಲೂ ಮಾಡುವ ಮುಂಚೆ ತೆಗೆಯಿರಿ. ಹಿಂಜವಡಿ, ಮಾರುಂಜಿ ಕಡೆ ಬೇಸಿಗೆಯಲ್ಲಿ ಎಷ್ಟೋ ಸೊಸೈಟಿಗಳಿಗೆ ಟ್ಯಾಂಕರ್ ನೀರೇ ಗತಿ. ಅದರ ಮರಳು ಇನ್‌ಲೆಟ್ (ನೀರು ಒಳಹೋಗುವ ಜಾಗ) ಜಾಲರಿಯಲ್ಲಿ ಕೂತು ಮಷಿನ್ ನೀರಿಲ್ಲ ಅಂತ ಎರರ್ ತೋರಿಸುತ್ತದೆ, ಆ್ಯಪ್ ಮಾತ್ರ ಸರ್ವೀಸ್ ಕರೆಯಿರಿ ಅನ್ನುತ್ತದೆ. ಕರೆಯಬೇಡಿ. ನಲ್ಲಿ ಬಂದ್ ಮಾಡಿ, ಪೈಪ್ ಬಿಚ್ಚಿ, ಜಾಲರಿಯನ್ನು ಇಕ್ಕಳದಿಂದ ಎಳೆದು ಹಳೆಯ ಟೂತ್‌ಬ್ರಷ್‌ನಿಂದ ತಿಕ್ಕಿ. ತೊಳೆದರೂ ಅದೇ ಎರರ್ ಬಂದರೆ ನೀರಿನ ಒತ್ತಡ ಕಡಿಮೆ ಇರಬಹುದು. ನೀರಿನ ಟ್ಯಾಂಕ್ ಮಷಿನ್‌ಗಿಂತ 10 ಮೀಟರ್ ಎತ್ತರದಲ್ಲಿದ್ದರೆ ಸುಮಾರು 1 ಬಾರ್ ಒತ್ತಡ ಸಿಗುತ್ತದೆ. ಟಾಪ್ ಫ್ಲೋರಿನಲ್ಲಿ ಮೂರೇ ಮೀಟರ್ ಇದ್ದರೆ 0.3. ಹಲವು ಫ್ರಂಟ್ ಲೋಡ್‌ಗಳಿಗೆ ಅದು ಸಾಲದು, ಬೂಸ್ಟರ್ ಪಂಪ್ ಬೇಕು. ಹಾಗಾಗಿ ಮನೆ ನೋಡುವಾಗ ಮೇಲಿನ ಮಹಡಿಯಲ್ಲಿ ನಲ್ಲಿ ತಿರುಗಿಸಿ ನೋಡಿಯೇ ಟೋಕನ್ ಮುಂಗಡ ಕೊಡಿ.

ವೈಫೈ ಹತ್ತದಿದ್ದರೆ ರೌಟರಿನಲ್ಲಿ 2.4 ಗಿಗಾಹರ್ಟ್ಸ್‌ಗೆ ಬೇರೆ ಹೆಸರು ಕೊಡಿ, ಇಂಥ ಮಷಿನ್‌ಗಳಲ್ಲಿ ಹೆಚ್ಚಿನವಕ್ಕೆ 5 ಕಾಣಿಸುವುದಿಲ್ಲ. ಗೀಸರಿಗೆ ಸ್ಮಾರ್ಟ್ ಪ್ಲಗ್ ಹಾಕುವಿರಾದರೆ 16 ಆಂಪಿಯರಿನದೇ ಇರಲಿ: 2000 ವ್ಯಾಟ್ ಗೀಸರ್ 9 ಆಂಪಿಯರ್ ಹತ್ತಿರ ಎಳೆಯುತ್ತದೆ, 6ರದ್ದು ಕಾದು ಕರಗಬಹುದು. ದುರಸ್ತಿಗೆಂದು ಗುರುವಾರ ಕರೆಂಟ್ ತೆಗೆಯುವುದು ಈ ಕಡೆ ರೂಢಿ, ಬಟ್ಟೆ ಬುಧವಾರವೇ ಒಗೆದುಬಿಡಿ.