ಅತಿಥಿಯನ್ನು ಕರೆಸಬೇಡಿ, ಐದು ಜನ ಸಾಕು

ನಿಮ್ಮ ಬರವಣಿಗೆ ಗುಂಪು 6 ತಿಂಗಳಲ್ಲಿ 18 ಜನರಿಂದ 5 ಜನಕ್ಕೆ ಇಳಿದಿದೆ, ತಿಂಗಳಿಗೊಬ್ಬ ಹೆಸರಾಂತ ಸಾಹಿತಿಯನ್ನು ಕರೆಸಿದರೆ ಜನ ಬರ್ತಾರಾ ಅಂತ ಕೇಳಿದ್ದೀರಿ. ಬರುತ್ತಾರೆ. ಆದರೆ ಬರೆಯುವವರು ಬಿಟ್ಟು ಹೋಗುತ್ತಾರೆ. ನಾನು ಮಾಡಿ ಕಳೆದುಕೊಂಡಿದ್ದೇನೆ.

ನಮ್ಮದು ಧಾರವಾಡ. ಪ್ರತಿ ತಿಂಗಳ ಎರಡನೇ ರವಿವಾರ ಸಂಜೆ ನಾಲ್ಕಕ್ಕೆ ಗೆಳೆಯನ ಮನೆಯ ಪಡಸಾಲೆಯಲ್ಲಿ ಸೇರುತ್ತಿದ್ದೆವು. ಒಟ್ಟು ಏಳು ಜನ. ಒಬ್ಬರು ರಿಟೈರ್ ಆದ ಪೋಸ್ಟ್‌ಮನ್, ಇಬ್ಬರು ಕಾಲೇಜು ಹುಡುಗರು, ಒಬ್ಬರು ನರ್ಸ್, ಗೆಳೆಯ, ನಾನು, ಮತ್ತೆ ಹೊಲಿಗೆ ಅಂಗಡಿ ಇಟ್ಟಿದ್ದ ಒಬ್ಬ ಅಕ್ಕ. ಜಮಖಾನೆ ಹಾಸಿ ಕೂತರೆ ಇಬ್ಬರು ಓದುವುದು, ಉಳಿದವರು ಕೇಳುವುದು. ನಡುವೆ ಚಹಾ, ಗಿರ್ಮಿಟ್ಟು. ಅಷ್ಟೇ.

ಅಕ್ಕ ತಮ್ಮ ಅಳತೆ ಪುಸ್ತಕದಲ್ಲೇ ಕಥೆ ಬರೆಯುತ್ತಿದ್ದರು. ಮುಂದಿನಿಂದ ತಿರುವಿದರೆ ಎದೆ 36, ತೋಳು 9. ಹಿಂದಿನಿಂದ ತಿರುವಿದರೆ ಕಥೆ. ಎರಡೂ ಕಡೆಯಿಂದ ತುಂಬಿಕೊಂಡು ಬಂದು ನಡುವೆ ಕೂಡಿದಾಗ ಹೊಸ ಪುಸ್ತಕ ತರುತ್ತಿದ್ದರು. ಹಾಳೆಯ ಅಂಚಿಗೆ ಯಾವಾಗಲೂ ನೀಲಿ ಚಾಕಿನ ಪುಡಿ ಅಂಟಿರುತ್ತಿತ್ತು. ಓದುವಾಗ ಬೆರಳಿನಿಂದ ಅದನ್ನು ಒರೆಸುತ್ತ ಓದುತ್ತಿದ್ದರು.

ವರ್ಷ ತುಂಬಿತು. ವಾರ್ಷಿಕೋತ್ಸವ ಮಾಡೋಣ, ದೊಡ್ಡವರೊಬ್ಬರನ್ನು ಕರೆಸೋಣ, ಹೊಸಬರು ಸೇರುತ್ತಾರೆ ಅಂತ ನಾನೇ ಹಟ ಹಿಡಿದೆ. ಸಭಾಭವನ ಬಾಡಿಗೆಗೆ ಹಿಡಿದೆವು. ಫ್ಲೆಕ್ಸ್ ಆಯಿತು, ಶಾಲು, ಹಾರ, ಹಣ್ಣಿನ ಬುಟ್ಟಿ ಆಯಿತು. ಸುಮಾರು 90 ಜನ ಬಂದರು. ಹೊರಗಿನಿಂದ ನೋಡಿದರೆ ಯಶಸ್ವಿ ಕಾರ್ಯಕ್ರಮ.

ತಪ್ಪು ಎಲ್ಲಾಯಿತು ಅಂತ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ನೀವು ಈಗ ಅದೇ ಜಾಗದಲ್ಲಿ ನಿಂತಿದ್ದೀರಿ. ಐದು ಗಂಟೆಗೆ ಅಂತ ಹಾಕಿದ್ದು 5:35ಕ್ಕೆ ಶುರುವಾಯಿತು. ಪ್ರಾರ್ಥನೆ, ಸ್ವಾಗತ, ದೀಪ ಬೆಳಗುವುದು, ಪ್ರಾಸ್ತಾವಿಕ, ಸನ್ಮಾನ ಮುಗಿಯುವ ಹೊತ್ತಿಗೆ 6:15. ಆಮೇಲೆ ಅತಿಥಿಗಳ ಮಾತು. 20 ನಿಮಿಷ ಅಂದಿದ್ದೆವು, 50 ನಿಮಿಷ ಆಯಿತು. 7:30ಕ್ಕೆ ಹಾಲ್ ಬಿಡಬೇಕು. ಅಧ್ಯಕ್ಷರ ನುಡಿ, ವಂದನಾರ್ಪಣೆ ಬೇರೆ ಬಾಕಿ. ನಮ್ಮ ಐವರು ಓದುವುದಕ್ಕೆ ಉಳಿದದ್ದು 15 ನಿಮಿಷ. ನಿರೂಪಣೆ ನನ್ನದೇ. ಅತಿಥಿಗಳ ಮಾತು ಅರ್ಧ ಗಂಟೆ ದಾಟಿದಾಗಲೇ ಆಮಂತ್ರಣ ಪತ್ರಿಕೆ ಹರಿದು, ಹಿಂದೆ 'ದಯವಿಟ್ಟು ಬೇಗ ಮುಗಿಸಿ' ಅಂತ ಬರೆದಿಟ್ಟುಕೊಂಡಿದ್ದೆ. ಅವರ ಮುಂದೆ ಇಡಲು ಧೈರ್ಯ ಬರಲಿಲ್ಲ. ಚೀಟಿ ಕೈಯಲ್ಲೇ ಉಳಿಯಿತು.

ಅಕ್ಕ ತಮ್ಮ ಕಥೆ ಓದಲು ಬಂದರು. ಮುದುಕಿಯೊಬ್ಬಳು ತೀರಿಹೋದ ಮಗಳ ಸೀರೆಗಳನ್ನು ಕೌದಿ ಹೊಲಿಯಲು ತಂದುಕೊಡುತ್ತಾಳೆ. ಅದರಲ್ಲಿ ಒಂದು ಇಳಕಲ್ ಸೀರೆಯ ಸೆರಗಿನ ತುದಿಗೆ ಗಂಟು ಹಾಕಿದೆ. ಹೊಲಿಯುವವಳು ಅದರ ಮೇಲೆ ಕೈ ಇಟ್ಟು, ಬಿಚ್ಚಲೋ ಬೇಡವೋ ಅಂತ ಕೂತಿದ್ದಾಳೆ. ಅಲ್ಲಿಗೆ ಬಂದಾಗ ನಾನು ಹೋಗಿ ಅದೇ ಚೀಟಿಯನ್ನು ಅಕ್ಕನ ಪುಸ್ತಕದ ಮೇಲೆ ಇಟ್ಟೆ. ಅತಿಥಿಗಳಿಗೆ ಅಂತ ಬರೆದದ್ದು. ಅಕ್ಕ ಓದಿದರು, ಪುಸ್ತಕ ಮುಚ್ಚಿದರು, "ಇಷ್ಟರೀ" ಅಂದು ಕೆಳಗಿಳಿದರು. ಜನ ಚಪ್ಪಾಳೆ ತಟ್ಟಿದರು. ಕಥೆ ಅಷ್ಟೇ ಅಂದುಕೊಂಡಿರಬೇಕು.

ಟೈಮ್ ಸಾಲದೇ ಹೀಗಾಯಿತು ಅಂತ ಬಹಳ ದಿನ ನನಗೆ ನಾನೇ ಹೇಳಿಕೊಂಡೆ. ಅದು ಸುಳ್ಳು. ಅತಿಥಿಗಳದ್ದೂ ತಪ್ಪಲ್ಲ, ಮೈಕ್ ಕೊಟ್ಟು ಕರೆದವರು ನಾವು. ವೇದಿಕೆ ಅಂತ ಒಂದು ಬಂದ ಕೂಡಲೇ ಯಾರ ಮಾತನ್ನು ತಡೆಯಬಹುದು, ಯಾರದ್ದನ್ನು ತಡೆಯಬಾರದು ಅಂತ ನನ್ನ ಕೈಗೇ ಗೊತ್ತಾಗಿಬಿಟ್ಟಿತ್ತು. ಪಡಸಾಲೆಯಲ್ಲಿ ಯಾರನ್ನೂ ನಾನು ಹಾಗೆ ತಡೆದವನಲ್ಲ.

ಮುಂದಿನ ತಿಂಗಳು 22 ಜನ ಬಂದರು, ಅಕ್ಕ ಬರಲಿಲ್ಲ. ಅಂಗಡಿಗೆ ಹೋದೆ. "ಅಕ್ಕಾರ, ನಂದು ತಪ್ಪಾತ್ರೀ" ಅಂದೆ. ಮಷಿನ್ ನಿಲ್ಲಿಸದೆ, "ಏ, ತಪ್ಪೇನೈತ್ರೀ ಸರ, ದೀಪಾವಳಿ ಸೀಜನ್ ನೋಡ್ರಿ, ಕೆಲಸ ಭಾಳ ಐತಿ" ಅಂದರು. ದೀಪಾವಳಿ ಮುಗಿದರೂ ಬರಲಿಲ್ಲ. ಹೊಸದಾಗಿ ಬಂದವರು ಮುಂದಿನ ಅತಿಥಿ ಯಾರು, ಸರ್ಟಿಫಿಕೇಟ್ ಕೊಡ್ತೀರಾ ಅಂತ ಕೇಳಿದರು. ನಾಲ್ಕು ತಿಂಗಳಲ್ಲಿ ಗುಂಪೇ ನಿಂತುಹೋಯಿತು.

ದೊಡ್ಡ ಸಭೆಗಳೇ ಬೇಡ ಅನ್ನುತ್ತಿಲ್ಲ. ಅವು ಬೇರೆ ಕೆಲಸ. ಧಾರವಾಡದಲ್ಲಿ 1890ರಲ್ಲೇ ಕನ್ನಡದ ಕೆಲಸಕ್ಕೆ ಅಂತ ಕರ್ನಾಟಕ ವಿದ್ಯಾವರ್ಧಕ ಸಂಘ ಹುಟ್ಟಿತ್ತು. ಆದರೂ ಬೇಂದ್ರೆಯವರಿಗೆ 1922ರಲ್ಲಿ ಬೇರೆಯಾಗಿ ಒಂದು ಗೆಳೆಯರ ಗುಂಪು ಬೇಕಾಯಿತು. ಹೆಸರು ನೋಡಿ, ಗೆಳೆಯರ ಗುಂಪು. ಸುಭಾಷ್ ರಸ್ತೆಯಲ್ಲಿ ಪುಸ್ತಕ ಪ್ರಕಟಿಸುವ ಮನೋಹರ ಗ್ರಂಥಮಾಲೆಯ ಅಟ್ಟವೂ ಹಾಗೆಯೇ. ಎಂಥೆಂಥ ಬರಹಗಾರರು ಮೆಟ್ಟಿಲು ಹತ್ತಿ ಹೋಗಿ ಕೂತು ಹರಟಿದ ಜಾಗ ಅದು. ಅಟ್ಟದಲ್ಲಿ ಎಷ್ಟು ಜನ ಹಿಡಿಯುತ್ತಾರೆ ಹೇಳಿ?

ಹಾಗಾಗಿ ನಿಮ್ಮ ಗುಂಪು ಸೋತಿದೆ ಅಂತ ನಾನು ಒಪ್ಪುವುದಿಲ್ಲ. ಐದು ಜನ ಇದ್ದರೆ ಎರಡು ಗಂಟೆಯಲ್ಲಿ ಇಬ್ಬರ ಬರಹವನ್ನು ಸಮಾಧಾನವಾಗಿ ಕೇಳಬಹುದು. 18 ಜನರಿದ್ದಾಗ ಎಷ್ಟು ಜನರಿಗೆ ಓದಲು ಸರದಿ ಸಿಕ್ಕಿತ್ತು? ಸರದಿ ಸಿಗದವರೇ ಮೊದಲು ಬಿಟ್ಟಿರುತ್ತಾರೆ, ಅಲ್ವಾ? ದಿನ, ಹೊತ್ತು, ಜಾಗ ಬದಲಿಸಬೇಡಿ. ಇಬ್ಬರೇ ಬಂದರೂ ನಡೆಸಿ. ಓದುವ ಬರಹದ ಜೆರಾಕ್ಸ್ ಎಲ್ಲರ ಕೈಯಲ್ಲಿರಲಿ. ಸುಮ್ನೆ 'ತುಂಬಾ ಚೆನ್ನಾಗಿದೆ' ಅಂದು ಬಿಡುವುದು ಬೇಡ, ಯಾವ ಸಾಲು ಹಿಡಿಸಿತು, ಎಲ್ಲಿ ದಾರಿ ತಪ್ಪಿತು ಅಂತ ಹೇಳಲಿ. ಬರೆದವರು ಅಷ್ಟು ಹೊತ್ತು ಏನನ್ನೂ ವಿವರಿಸದೆ ಕೇಳಿಸಿಕೊಳ್ಳಲಿ. ಇದು ಮೊದಮೊದಲು ಜಾಸ್ತಿ ಕಷ್ಟ. ವಾಟ್ಸಾಪ್ ಗುಂಪಿನಲ್ಲಿ ಕವನ ಹಾಕುವುದನ್ನು ಮಾತ್ರ ನಿಲ್ಲಿಸಿ. ಅಲ್ಲಿ ಚಪ್ಪಾಳೆ ಸಿಕ್ಕವರು ರವಿವಾರ ಮನೆ ಬಿಟ್ಟು ಬರುವುದಿಲ್ಲ.

ಎರಡು ವರ್ಷ ಬಿಟ್ಟು ನಾವು ಮತ್ತೆ ಶುರು ಮಾಡಿದೆವು, ಅದೇ ಪಡಸಾಲೆಯಲ್ಲಿ. ಈಗ ಆರು ಜನ ಇದ್ದೇವೆ. ಅಕ್ಕ ಅಂಗಡಿ ಮುಚ್ಚಿ ಊರು ಬಿಟ್ಟರು. ಅವತ್ತು ಹೋಗಿ ಕ್ಷಮೆ ಕೇಳಿದೆನಲ್ಲ, ಆ ಗಂಟಿನಲ್ಲಿ ಏನಿತ್ತು ಅಂತ ಮಾತ್ರ ಕೇಳಲಿಲ್ಲ. ಪುಸ್ತಕ ಅಲ್ಲೇ ಮಷಿನ್ ಪಕ್ಕದಲ್ಲೇ ಇತ್ತು.

ನಿಮ್ಮಲ್ಲಿ ಬಿಟ್ಟುಹೋದ 13 ಜನರಲ್ಲಿ ಒಂದಿಬ್ಬರ ಬರಹವಾದರೂ ನೆನಪಿರಬೇಕು. ಅವರಿಗೆ ಫೋನ್ ಮಾಡಿ. ಯಾಕೆ ಬರಲಿಲ್ಲ ಅಂತ ಕೇಳಬೇಡಿ. ಆ ಕಥೆ ಮುಂದೆ ಏನಾಯಿತು ಅಂತ ಕೇಳಿ.